ಪರವೂರಿನ ಸಂಘಗಳು ಊರಿನ ಮಾನಸಿಕ ಆರೋಗ್ಯ ಸೇವೆಗಾಗಿ ಕೆಲಸ ಮಾಡುವುದು ಹೇಗೆ: ದಕ್ಷಿಣ ಕನ್ನಡ, ಉಡುಪಿಯವರಿಗೆ ಒಂದು ಮಾರ್ಗದರ್ಶಿ

ದುಬೈ, ಕುವೈತ್, ಮಸ್ಕತ್, ಮುಂಬೈ, ಎಲ್ಲಿಯ ಕರಾವಳಿ ಸಂಘವಾದರೂ ಸರಿ, ಮಹಾಸಭೆಯಲ್ಲಿ ಯಾರಾದರೊಬ್ಬರು ಈ ಮಾತು ಎತ್ತುತ್ತಾರೆ. ಊರಿನಲ್ಲಿ ಇಂಥವರ ಮಗನನ್ನು ಹಿಂದಿನ ಕೋಣೆಯಲ್ಲಿ ಕೂಡಿ ಹಾಕಿದ್ದಾರಂತೆ, ಇಂಥ ಕಡೆ ಒಬ್ಬ ಹೆಂಗಸಿನ ಕಾಲಿಗೆ ಸರಪಳಿ ಇದೆಯಂತೆ, ಏನಾದರೂ ಮಾಡಬೇಕು. ಅದರ ಹಿಂದೆಯೇ ಬರುವ ಮಾತು ಬಹುಪಾಲು ಒಂದೇ: ದುಡ್ಡು ಒಟ್ಟು ಮಾಡೋಣ, ಒಂದು ಆಶ್ರಮ ಕಟ್ಟಿಸೋಣ.

ಆ ನಿರ್ಣಯಕ್ಕೆ ಕೈ ಎತ್ತುವ ಮೊದಲು ಸ್ವಲ್ಪ ತಡೆಯಿರಿ. ಕಟ್ಟಡ ಏಳಲು ವರ್ಷಗಳು ಬೇಕು, ತುಂಬಲು ತಿಂಗಳುಗಳು ಸಾಕು. ತುಂಬಿದ ಮೇಲೆ ಅಲ್ಲಿಂದ ಮನೆಗೆ ಮರಳುವವರು ಕಡಿಮೆ, ಏಕೆಂದರೆ ಮನೆಯ ಹತ್ತಿರ ಮಾತ್ರೆ, ಇಂಜೆಕ್ಷನ್, ವಿಚಾರಿಸುವ ಒಬ್ಬ ನರ್ಸ್ ಇರಲಿಲ್ಲ ಎಂಬ ಮೂಲ ಕೊರತೆ ಹಾಗೆಯೇ ಉಳಿದಿರುತ್ತದೆ. 2018ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಕಲಂ ಸ್ಪಷ್ಟವಾಗಿದೆ: ಮನೆಯವರು ಸೇರಿಸಿಕೊಳ್ಳುವುದಿಲ್ಲ, ಮನೆಯೇ ಇಲ್ಲ ಎಂಬ ಕಾರಣ ಮಾತ್ರಕ್ಕೆ ಯಾರನ್ನೂ ಆಸ್ಪತ್ರೆ, ಆಶ್ರಮಗಳಲ್ಲಿ ಇಟ್ಟುಕೊಳ್ಳುವಂತಿಲ್ಲ, ಸಮಾಜದ ನಡುವೆ ಬದುಕುವುದು ಅವರ ಹಕ್ಕು. 18ನೇ ಕಲಂ ಪ್ರಕಾರ ಆ ಬದುಕಿಗೆ ಬೇಕಾದ ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ. ಅಗತ್ಯ ಔಷಧ ಪಟ್ಟಿಯ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು.

ಹೊರಗಿನ ಸಂಘದ ನಿಜವಾದ ಬಲ ಹಣವಲ್ಲ ಎಂದು ನಾವು ಹೇಳುವುದು ಇದಕ್ಕೇ. ಕಾನೂನು ಕೊಟ್ಟದ್ದನ್ನು ಬರವಣಿಗೆಯಲ್ಲಿ, ತಾರೀಕು ಹಾಕಿ, ಬಿಡದೆ ಕೇಳುವವರು ಊರಿನಲ್ಲಿ ಕಡಿಮೆ. ಮನೆಯಲ್ಲಿ ಕಾಯಿಲೆ ಇರುವವರಿಗೆ ನಾಚಿಕೆ, ದಣಿವು, ಪುರುಸೊತ್ತಿಲ್ಲ. ಆ ಕೇಳುವ ಕೆಲಸವನ್ನು ನೀವು ಹೊತ್ತುಕೊಳ್ಳಬಹುದು.

ಮೊದಲ ತಿಂಗಳು: ತಂಡ

ಸಂಘದ ಕಾರ್ಯಕಾರಿ ಸಮಿತಿಯೇ ಈ ಕೆಲಸ ಮಾಡಲು ಹೊರಟರೆ ಮುಂದಿನ ಚುನಾವಣೆಗೆ ಎಲ್ಲ ನಿಂತುಹೋಗುತ್ತದೆ. ಐದಾರು ಜನರ ಬೇರೆ ತಂಡ ಮಾಡಿ, ಮೂರು ವರ್ಷ ಅದೇ ಇರಲಿ.

ಸ್ವತಃ ಕಾಯಿಲೆ ಕಂಡು ಬದುಕು ನಡೆಸುತ್ತಿರುವವರು ಅಥವಾ ಮನೆಯಲ್ಲಿ ವರ್ಷಗಟ್ಟಲೆ ನೋಡಿಕೊಂಡವರು ಕನಿಷ್ಠ ಇಬ್ಬರು ಇರಲಿ. ಅವರು ಬೇಡವೆಂದದ್ದನ್ನು ತಂಡ ಮಾಡಬಾರದು. ಇಂಥವರು ಯಾರೂ ಮುಂದೆ ಬರುತ್ತಿಲ್ಲವಾದರೆ ಸಂಘದಲ್ಲೇ ಅವರು ಬಾಯಿ ಬಿಡುವ ವಾತಾವರಣ ಇಲ್ಲವೆಂದು ತಿಳಿಯಿರಿ. ‘ಮರ್ಲ್’, ‘ಮಂಡೆ ಸರಿ ಇಲ್ಲದವ’ ಎಂಬ ತಮಾಷೆಯನ್ನು ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಮೊದಲು ನಿಲ್ಲಿಸಿ.

ಊರಿನಲ್ಲೇ ಇರುವವರು ಪ್ರತಿ ತಾಲೂಕಿಗೆ ಒಬ್ಬರು ಬೇಕು. ಕಚೇರಿ ಹೊತ್ತಿನಲ್ಲಿ ಬಿಡುವಿರುವ, ಸ್ಕೂಟರ್ ಓಡಿಸುವ ನಿವೃತ್ತ ಶಿಕ್ಷಕಿ, ನಿವೃತ್ತ ಆರೋಗ್ಯ ಸಹಾಯಕಿ ಇದಕ್ಕೆ ಹೇಳಿ ಮಾಡಿಸಿದವರು. ಎರಡೂ ಜಿಲ್ಲೆಗಳ ಹದಿನಾರು ತಾಲೂಕುಗಳಿಗೆ ಒಟ್ಟಿಗೆ ಕೈ ಹಾಕಬೇಡಿ. ನಿಮ್ಮ ಸದಸ್ಯರು ಹೆಚ್ಚಿರುವ ಎರಡು ಸಾಕು. ಬಂಟ್ವಾಳ ಮತ್ತು ಬೆಳ್ತಂಗಡಿ, ಅಥವಾ ಕುಂದಾಪುರ ಮತ್ತು ಬೈಂದೂರು, ಹೀಗೆ ಒಂದಕ್ಕೊಂದು ತಾಗಿಕೊಂಡಿರುವವು ಆಗಲಿ.

ಮಂಗಳೂರು ಅಥವಾ ಉಡುಪಿ ಕೋರ್ಟಿನಲ್ಲಿ ಕೆಲಸ ಮಾಡುವ ಒಬ್ಬ ವಕೀಲರು, ಕಡತ ಇಡುವ ಒಬ್ಬರು, ಲೆಕ್ಕ ಇಡುವ ಒಬ್ಬರು. ಕಡತ ಎಂದರೆ ಪ್ರತಿ ಪತ್ರಕ್ಕೆ ಒಂದು ಸಾಲು: ಯಾರಿಗೆ, ಯಾವ ದಿನ, ಸ್ವೀಕೃತಿ ಸಂಖ್ಯೆ, ಉತ್ತರಕ್ಕೆ ಕಡೆಯ ದಿನ. ಈ ಒಂದು ಹಾಳೆ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಬರಿಯ ಮಾತು.

ವಿದೇಶದಲ್ಲಿರುವ ನಮ್ಮ ವೈದ್ಯರು ತಂಡದಲ್ಲಿದ್ದರೆ ಒಳ್ಳೆಯದು. ಆದರೆ ಇಲ್ಲಿಯ ನೋಂದಣಿ ಇಲ್ಲದೆ ವಾಟ್ಸಾಪ್‌ನಲ್ಲಿ ಮಾತ್ರೆ ಹೇಳುವಂತಿಲ್ಲ. ಅಲ್ಲಿನ ಮಾತ್ರೆ ಊರಿಗೆ ಕಳಿಸುವುದೂ ಬೇಡ. ಎರಡು ತಿಂಗಳಿಗೆ ಅದು ಮುಗಿದಾಗ ಅದೇ ಔಷಧ ಇಲ್ಲಿ ಸಿಗದೆ ರೋಗಿ ನಡುನೀರಿನಲ್ಲಿ ನಿಲ್ಲುತ್ತಾನೆ.

ಇನ್ನೊಂದು, ಬಹಳ ಸಂಘಗಳು ತಪ್ಪುವ ಜಾಗ. ಕಾಯ್ದೆಯ 77ನೇ ಕಲಂ ಪ್ರಕಾರ ಕಾಯಿಲೆ ಇರುವವರ ಹಕ್ಕಿನ ದೂರುಗಳನ್ನು ತೀರ್ಮಾನಿಸುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಅರ್ಜಿ ಹಾಕಬಲ್ಲವರು ಮೂವರು: ಕಾಯಿಲೆ ಇರುವ ವ್ಯಕ್ತಿ, ಅವರ ನಾಮನಿರ್ದೇಶಿತ ಪ್ರತಿನಿಧಿ (ತಮ್ಮ ಪರವಾಗಿ ನಿಲ್ಲಲು ಅವರು ಬರೆದು ಹೆಸರಿಸಿದವರು), ಅಥವಾ ಆ ವ್ಯಕ್ತಿಯ ಒಪ್ಪಿಗೆ ಪಡೆದ ನೋಂದಾಯಿತ ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ. ಗಲ್ಫ್‌ನ ಸಂಘಕ್ಕೆ ಭಾರತದಲ್ಲಿ ನೋಂದಣಿ ಇರುವುದಿಲ್ಲ. ಊರಿನ ಒಂದು ನೋಂದಾಯಿತ ಸಂಸ್ಥೆಯ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಸರಿಯಾದದ್ದು ಸಿಗದಿದ್ದರೆ ಊರಿನಲ್ಲಿರುವ ಏಳು ಜನ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಹೊಸದೊಂದನ್ನು ನೋಂದಾಯಿಸಬಹುದು.

ಎರಡು, ಮೂರನೇ ತಿಂಗಳು: ಏನಿದೆ, ಏನಿಲ್ಲ

ಆರೋಪದಿಂದ ಶುರು ಮಾಡಿದರೆ ಅಧಿಕಾರಿ ಮೊದಲ ದಿನವೇ ಬಾಗಿಲು ಹಾಕಿಕೊಳ್ಳುತ್ತಾರೆ. ಅಂಕಿ ಇಟ್ಟುಕೊಂಡು ಹೋದರೆ ಕೂರಿಸಿ ಮಾತನಾಡುತ್ತಾರೆ. ಅಂಕಿ ನಿಮ್ಮ ತಾಲೂಕಿನದೇ ಆಗಿರಬೇಕು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಅಂಕಿಗಳನ್ನು ಎಲ್ಲರೂ ಭಾಷಣದಲ್ಲಿ ಎತ್ತುತ್ತಾರೆ. ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಅದನ್ನು ಉಡುಪಿಯ ಲೆಕ್ಕವೆಂದು ಹೇಳಿದರೆ ಬಲ್ಲ ಅಧಿಕಾರಿಯ ಎದುರು ಮಾತು ಅಲ್ಲಿಗೇ ಬೀಳುತ್ತದೆ.

ಮೊದಲು ಬರಿಗಣ್ಣಿನ ಲೆಕ್ಕ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲೂಕು ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ನೋಡುವ ಏರ್ಪಾಡು ಕರ್ನಾಟಕದಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿದೆ, ಮಂಗಳವಾರದ ಕ್ಲಿನಿಕ್ ಎಂದೇ ಪರಿಚಿತ. ನಿಮ್ಮ ಆಸ್ಪತ್ರೆಗೆ ಯಾವ ವಾರ, ಯಾವ ದಿನ ಎಂಬುದನ್ನು ಹೊರರೋಗಿ ವಿಭಾಗದಲ್ಲಿ ಕೇಳಿಕೊಳ್ಳಿ. ಊರಿನ ಸದಸ್ಯರು ಅಂಥ ನಾಲ್ಕು ದಿನ ಬೆಂಚಿನಲ್ಲಿ ಕುಳಿತು ಇಷ್ಟು ಬರೆದುಕೊಳ್ಳಲಿ: ಮನೋವೈದ್ಯರು ಬಂದರೇ, ಎಷ್ಟು ಹೊತ್ತಿಗೆ, ಎಷ್ಟು ಜನ ಕಾದರು, ಔಷಧ ಕಿಟಕಿಯಲ್ಲಿ ಎಷ್ಟು ಜನರಿಗೆ ‘ಹೊರಗೆ ತೆಗೆದುಕೊಳ್ಳಿ’ ಎಂದರು. ಹೆಸರು ಕೇಳಬೇಡಿ, ಚೀಟಿಯ ಫೋಟೋ ತೆಗೆಯಬೇಡಿ.

ಆಮೇಲೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಇದು ಗೊತ್ತಿಲ್ಲದೆ ಎರಡು ಪುಟದ ಅರ್ಜಿ ಹಾಕಿ ಹಿಂದಿರುಗಿಸಿಕೊಂಡವರು ಬಹಳ. ಭಾರತದ ನಾಗರಿಕರಷ್ಟೇ ಕೇಳಬಹುದು, ಆದ್ದರಿಂದ ಸಂಘದ ಲೆಟರ್‌ಹೆಡ್ ಬೇಡ, ಊರಿನ ಸದಸ್ಯರೊಬ್ಬರ ಹೆಸರಿನಲ್ಲಿ ಹಾಕಿ. ಶುಲ್ಕ 10 ರೂಪಾಯಿ. ‘ಏಕೆ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ದಾಖಲೆಯ ಪ್ರತಿ ಕೇಳಿ. ಮಾದರಿ ಹೀಗಿರಲಿ:

“ವಿಷಯ: ಮನೋರೋಗ ಔಷಧಗಳ ದಾಸ್ತಾನು. ಕಳೆದ ಆರ್ಥಿಕ ವರ್ಷದಲ್ಲಿ ತಾಲೂಕು ಆಸ್ಪತ್ರೆಯ ದಾಸ್ತಾನು ವಹಿಯಲ್ಲಿ ಈ ಕೆಳಗಿನ ಔಷಧಗಳ ತಿಂಗಳವಾರು ಆರಂಭಿಕ ಶಿಲ್ಕು, ಸ್ವೀಕೃತಿ, ವಿತರಣೆ ಹಾಗೂ ಅಂತಿಮ ಶಿಲ್ಕು ತೋರಿಸುವ ಪುಟಗಳ ದೃಢೀಕೃತ ಪ್ರತಿ ಒದಗಿಸಬೇಕಾಗಿ ಕೋರಿಕೆ: ರಿಸ್ಪೆರಿಡೋನ್, ಓಲಾಂಜಪೈನ್, ಹ್ಯಾಲೊಪೆರಿಡಾಲ್, ಫ್ಲೂಫೆನಜೀನ್ ಇಂಜೆಕ್ಷನ್, ಲಿಥಿಯಂ, ಸೋಡಿಯಂ ವ್ಯಾಲ್ಪ್ರೊಯೇಟ್, ಫ್ಲುಯೊಕ್ಸೆಟಿನ್, ಟ್ರೈಹೆಕ್ಸಿಫೆನಿಡಿಲ್.”

ಇದೇ ರೀತಿ ಬೇರೆ ಬೇರೆ ಅರ್ಜಿಗಳಲ್ಲಿ ಇನ್ನು ಮೂರು ಕೇಳಿ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳು (ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್). ಅದೇ ಕಚೇರಿಗೆ: ತಂಡದ ತಾಲೂಕು ಭೇಟಿಯ ದಿನಾಂಕಗಳು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ: ನಿಮ್ಮ ಜಿಲ್ಲೆಯಲ್ಲಿ ನೋಂದಣಿ ಇರುವ ಮಾನಸಿಕ ಆರೋಗ್ಯ ಸಂಸ್ಥೆಗಳ ಪಟ್ಟಿ. ಈ ಕಡೆಯದು ಬಹಳ ಮುಖ್ಯ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 65ನೇ ಕಲಂ ಪ್ರಕಾರ ನೋಂದಣಿ ಇಲ್ಲದೆ ಯಾರೂ ಇಂಥ ಸಂಸ್ಥೆ ನಡೆಸುವಂತಿಲ್ಲ, ಆಯುರ್ವೇದ, ಯೋಗದ ಹೆಸರಿನಲ್ಲಿ ನಡೆಸುವವರಿಗೂ ಇದು ಅನ್ವಯಿಸುತ್ತದೆ. ಪಟ್ಟಿಯಲ್ಲಿ ಇಲ್ಲದ ಆಶ್ರಮ ನಿಮ್ಮ ಕಣ್ಣೆದುರೇ ನಡೆಯುತ್ತಿದ್ದರೆ ದೂರಿಗೆ ಅದೇ ಆಧಾರ.

ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೂ ಇಲ್ಲವಾದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ರೋಗಿಗಳ ಹೆಸರು, ವಿಳಾಸ ಕೇಳಿದರೆ ಅರ್ಜಿ ತಿರಸ್ಕಾರವಾಗುತ್ತದೆ, ಆಗಲೂ ಬೇಕು.

ಔಷಧದ ಪುಟ ಕೈಗೆ ಬಂದಾಗ ಶಿಲ್ಕು ಸೊನ್ನೆ ಇರುವ ತಿಂಗಳುಗಳಿಗೆ ಗೆರೆ ಹಾಕಿ. ಸ್ಕಿಜೋಫ್ರೇನಿಯಾ ಇರುವವರಿಗೆ ಒಂದು ತಿಂಗಳು ಮಾತ್ರೆ ತಪ್ಪಿದರೂ ಕಾಯಿಲೆ ಮರುಕಳಿಸಬಹುದು. ಹಾಗೆ ಮರುಕಳಿಸಿದಾಗ ಮನೆಯವರ ಕೈ ಸರಪಳಿಯ ಕಡೆ ಹೋಗುತ್ತದೆ. ನಮ್ಮ ಮಟ್ಟಿಗೆ ಇಡೀ ಕೆಲಸದ ಕೇಂದ್ರ ಈ ಸೊನ್ನೆಗಳೇ. ರಾಜ್ಯದ ಸರಬರಾಜು ತಡವಾದಾಗ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ನಿಧಿಯಿಂದ ಸ್ಥಳೀಯವಾಗಿ ಕೊಳ್ಳುವ ದಾರಿ ಇದೆ. ಅದನ್ನು ಬಳಸಿದರೇ ಎಂದು ಕೇಳಿದಾಗ ಸಮಿತಿಯ ಸದಸ್ಯರೇ ಅಚ್ಚರಿಪಡುವುದುಂಟು.

ಮನೆಯಲ್ಲಿ ಯಾರನ್ನಾದರೂ ಕಟ್ಟಿ ಹಾಕಿದ ಸುದ್ದಿ ಬಂದಾಗ

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಮಾನಸಿಕ ರೋಗಿಗಳ ಆಶ್ರಮದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಿಗಿದಿದ್ದ 28 ಜನ ಓಡಲಾಗದೆ ಸತ್ತರು. ಈಗ ಕಾಯ್ದೆಯ 95ನೇ ಕಲಂ ಯಾವ ರೂಪದಲ್ಲೂ ಸರಪಳಿ ಹಾಕಬಾರದೆನ್ನುತ್ತದೆ. ಆದರೂ ಈ ಕಲಮನ್ನು ಹಿಡಿದು ನೇರ ಮನೆಗೆ ನುಗ್ಗಬೇಡಿ. ಅಲ್ಲಿರುವವರು ಬಹುಪಾಲು ಎಪ್ಪತ್ತು ದಾಟಿದ ತಾಯಿ. ಮಗ ಹೆದ್ದಾರಿಗೆ ಓಡುತ್ತಾನೆ, ಹೊಳೆಗೆ ಹಾರುತ್ತಾನೆ ಎಂಬ ಹೆದರಿಕೆಯಲ್ಲಿ ಬೀಗ ಹಾಕಿದವರು. ದುಡಿಯುವ ಇನ್ನೊಬ್ಬ ಮಗ ನೀವಿರುವ ಪರವೂರಿನಲ್ಲೇ, ನಿಮ್ಮ ಸಂಘದಲ್ಲೇ ಇರಬಹುದು.

ಮೊದಲ ಭೇಟಿಗೆ ಆಶಾ ಕಾರ್ಯಕರ್ತೆ ಮತ್ತು ಊರಿನ ನಿಮ್ಮ ಸದಸ್ಯೆ ಇಬ್ಬರೇ ಸಾಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪರಿಚಯದವರಾದರೆ ಅವರೂ ಬರಲಿ. ಹೀಗೆ ಶುರು ಮಾಡಬಹುದು: “ಅಮ್ಮಾ, ನಿಮ್ಮ ತಪ್ಪು ಹುಡುಕಲು ಬಂದವರಲ್ಲ ನಾವು. ಇಷ್ಟು ವರ್ಷ ಒಬ್ಬರೇ ಹೇಗೆ ನೋಡಿಕೊಂಡಿರಿ? ರಾತ್ರಿ ನಿದ್ದೆ ಬರುತ್ತದಾ ನಿಮಗೆ?” ಆಮೇಲೆ ಕಾಯಿಲೆ ಇರುವವರನ್ನೇ ಅವರ ಹೆಸರು ಹಿಡಿದು ಕರೆದು ಮಾತನಾಡಿಸಿ. ಬಂದವರೆಲ್ಲ ಮನೆಯವರ ಜೊತೆಗೇ ಮಾತಾಡಿ ಹೋಗುವುದು ಅವರಿಗೆ ಗೊತ್ತಾಗುತ್ತದೆ.

ಕೇಳಿ ಬರೆದುಕೊಳ್ಳಬೇಕಾದದ್ದು: ಕಾಯಿಲೆ ಯಾವಾಗ ಶುರು, ಯಾವ ಆಸ್ಪತ್ರೆ, ಹಳೆಯ ಚೀಟಿ ಇದೆಯೇ, ಮಾತ್ರೆ ನಿಂತದ್ದು ಯಾವಾಗ, ಏಕೆ. ಈ ‘ಏಕೆ’ಗೆ ಸಿಗುವ ಉತ್ತರದಲ್ಲೇ ದಾರಿ ಇರುತ್ತದೆ. ಬಸ್ಸಿಗೆ ಕರೆದೊಯ್ಯಲು ಗಂಡಸರಿಲ್ಲ, ಮಾತ್ರೆ ತಿಂದರೆ ಕೈ ನಡುಗುತ್ತದೆ, ಗುಣವಾಯಿತೆಂದು ಬಿಟ್ಟೆವು, ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದಾಗ ಬೇರೆ ಪರಿಹಾರ ಹೇಳಿದರು. ಒಂದೊಂದಕ್ಕೂ ಬೇರೆ ಬೇರೆ ಉಪಾಯ. ಕೈ ನಡುಕಕ್ಕೆ ವೈದ್ಯರು ಔಷಧ ಬದಲಿಸಬಹುದು ಅಥವಾ ಜೊತೆಗೊಂದು ಮಾತ್ರೆ ಕೊಡಬಹುದು. ದಿನಾ ಮಾತ್ರೆ ತಿನ್ನಿಸಲಾಗದ ಮನೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಯಾವುದು ಸರಿ ಎನ್ನುವುದು ಮನೋವೈದ್ಯರ ತೀರ್ಮಾನ.

ದೈವ, ದರ್ಗಾ, ಪ್ರಾರ್ಥನೆಯ ವಿರುದ್ಧ ವಾದಕ್ಕೆ ಇಳಿಯಬೇಡಿ. ಕರಾವಳಿಯಲ್ಲಿ ಆ ವಾದ ಗೆದ್ದವರಿಲ್ಲ, ಗೆದ್ದರೂ ಮನೆಯ ಬಾಗಿಲು ಮುಚ್ಚುತ್ತದೆ. ಗುರಿಕಾರರೋ, ಜಮಾತಿನ ಹಿರಿಯರೋ, ಚರ್ಚಿನ ಗುರುಗಳೋ ‘ಹರಕೆ ನಡೆಯಲಿ, ಮದ್ದು ನಿಲ್ಲಿಸಬೇಡಿ’ ಎಂದು ಒಂದು ಮಾತು ಹೇಳಿದರೆ ನಿಮ್ಮ ಹತ್ತು ಶಿಬಿರಕ್ಕಿಂತ ಹೆಚ್ಚು ಕೆಲಸ ಆಗುತ್ತದೆ. ಅವರನ್ನು ಮೊದಲೇ ಹೋಗಿ ಕಾಣಿರಿ.

ಆಮೇಲೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಲಿಖಿತ ಮನವಿ ಕೊಟ್ಟು ಮನೆ ಭೇಟಿಗೆ ದಿನ ಗೊತ್ತು ಮಾಡಿಸಿ. ಸರಪಳಿ ಬಿಚ್ಚುವುದು ಮತ್ತು ಚಿಕಿತ್ಸೆ ಶುರುವಾಗುವುದು ಒಂದೇ ದಿನ ಆಗಬೇಕು. ಬರಿದೆ ಬಿಚ್ಚಿ, ಫೋಟೋ ತೆಗೆದು ಹೋದರೆ ವಾರದೊಳಗೆ ಮತ್ತೆ ಬೀಗ ಬೀಳುತ್ತದೆ, ಈ ಸಲ ಇನ್ನೂ ಬಿಗಿಯಾಗಿ. ಅಂದೇ ದೇಹದ ತಪಾಸಣೆಯೂ ಆಗಲಿ: ಕಾಲಿನ ಗಾಯ, ಧನುರ್ವಾಯು ಚುಚ್ಚುಮದ್ದು, ರಕ್ತಹೀನತೆ, ಕ್ಷಯ. ವರ್ಷಗಟ್ಟಲೆ ಕುಳಿತವರ ಕಾಲಿನ ಸ್ನಾಯು ಬತ್ತಿರುತ್ತದೆ, ಫಿಸಿಯೋಥೆರಪಿ ಬೇಕಾಗುತ್ತದೆ. ಮೊದಲ ಆರು ವಾರ ವಾರಕ್ಕೆರಡು ಸಲ ಯಾರಾದರೂ ಮನೆಗೆ ಹೋಗಬೇಕು. ಕೆಲಸ ಮುರಿದು ಬೀಳುವುದು ಹೆಚ್ಚಾಗಿ ಈ ಅವಧಿಯಲ್ಲೇ.

ಪ್ರಾಣಕ್ಕೆ ಅಪಾಯವಿದ್ದರೆ ಇಷ್ಟೆಲ್ಲ ಕಾಯಬೇಡಿ. 94ನೇ ಕಲಂ ಪ್ರಕಾರ ಯಾವ ನೋಂದಾಯಿತ ವೈದ್ಯರೂ ಮನೆಯಲ್ಲೇ 72 ಗಂಟೆಯವರೆಗಿನ ತುರ್ತು ಚಿಕಿತ್ಸೆ ಕೊಡಬಹುದು, ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದೂ ಅದರಲ್ಲಿ ಸೇರಿದೆ. ಕರೆ 112ಕ್ಕೆ. ಮಾತನಾಡಿ ಸಲಹೆ ಕೇಳಲು ಸರ್ಕಾರದ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲಿ, ಹಗಲೂ ರಾತ್ರಿ. ಅದು ಭಾರತದೊಳಗಿನ ಸಂಖ್ಯೆ, ಆದ್ದರಿಂದ ಊರಿನವರಿಂದಲೇ ಮಾಡಿಸಿ. ಮನೆಯವರೇ ಹಿಂಸಿಸುತ್ತಿದ್ದಾರೆ, ಮಾತಿಗೆ ಬಗ್ಗುತ್ತಿಲ್ಲ ಎಂದಾದರೆ 101ನೇ ಕಲಂ ಅಡಿ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ. ಠಾಣಾಧಿಕಾರಿ ಅದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ದಾರಿಯಲ್ಲಿ ಅಲೆಯುವವರನ್ನು ಪೊಲೀಸರು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು ಎನ್ನುತ್ತದೆ 100ನೇ ಕಲಂ.

ಸಂಸ್ಥೆಯೊಳಗೆ ನೋಡಬೇಕಾದದ್ದು

ಅನುಮತಿ ಪಡೆದು ಹೋಗಿ, ಇಬ್ಬರು, ಅದರಲ್ಲಿ ಒಬ್ಬರು ಹೆಂಗಸು. ಊಟದ ಹೊತ್ತಿಗೆ ಹೋದರೆ ಹೆಚ್ಚು ತಿಳಿಯುತ್ತದೆ. 20ನೇ ಕಲಂ ನಿಮ್ಮ ಪಟ್ಟಿ: ಶೌಚಾಲಯಕ್ಕೆ ಬಾಗಿಲಿದೆಯೇ, ಸ್ವಂತ ಬಟ್ಟೆ ತೊಡಬಹುದೇ, ಒಪ್ಪಿಗೆ ಇಲ್ಲದೆ ತಲೆ ಬೋಳಿಸುತ್ತಾರೆಯೇ, ಮುಟ್ಟಿನ ದಿನಗಳಿಗೆ ಬೇಕಾದದ್ದು ಕೊಡುತ್ತಾರೆಯೇ, ತೋಟದ ಕೆಲಸ ಮಾಡಿಸಿದರೆ ಕೂಲಿ ಇದೆಯೇ. ಫೋನ್ ಮಾಡಲು ಬಿಡುತ್ತಾರೆಯೇ ಎಂದು ಕೇಳಿ, ಅದು 26ನೇ ಕಲಮಿನ ಹಕ್ಕು. ಕೈಕಾಲು ಕಟ್ಟುವ ಪ್ರಸಂಗ ಬಂದರೆ ಮನೋವೈದ್ಯರ ಅಪ್ಪಣೆ ಮತ್ತು ದಾಖಲೆ ಬೇಕು, ಶಿಕ್ಷೆಗಾಗಲಿ ಸಿಬ್ಬಂದಿ ಸಾಲದೆಂದಾಗಲಿ ಕಟ್ಟುವಂತಿಲ್ಲ. ಆ ವಹಿ ಇಟ್ಟಿದ್ದಾರೆಯೇ ಎಂದು ವಿಚಾರಿಸಿ. ವಿದ್ಯುತ್ ಚಿಕಿತ್ಸೆಯನ್ನು ಅರಿವಳಿಕೆ ಇಲ್ಲದೆ ಕೊಡುವುದು ನಿಷಿದ್ಧ. ಸರಿಯಾಗಿ ಕೊಟ್ಟಾಗ ಅದು ಒಪ್ಪಿತ ಚಿಕಿತ್ಸೆಯೇ, ‘ಕರೆಂಟ್ ಕೊಡುತ್ತಾರೆ’ ಎಂದು ಹೆದರಿಸುವ ಪೋಸ್ಟ್ ಹಂಚಬೇಡಿ.

ದೂರು ಕೊಡಬೇಕಾದರೆ ದಾರಿ ಹೀಗೆ. ಸಂಸ್ಥೆ ಕನಿಷ್ಠ ಮಾನದಂಡ ಪಾಲಿಸುತ್ತಿಲ್ಲ ಎಂಬ ದೂರನ್ನು 68ನೇ ಕಲಂ ಅಡಿ ಯಾರು ಬೇಕಾದರೂ ರಾಜ್ಯ ಪ್ರಾಧಿಕಾರಕ್ಕೆ ಕೊಡಬಹುದು, ಪರದೇಶದಿಂದಲೂ. ಒಬ್ಬ ವ್ಯಕ್ತಿಯ ಹಕ್ಕಿನ ಪ್ರಶ್ನೆಯಾದರೆ ಪುನರ್ವಿಮರ್ಶಾ ಮಂಡಳಿ, ಶುಲ್ಕವಿಲ್ಲ. ಅರ್ಜಿಯಲ್ಲಿ ಅರ್ಜಿದಾರರ ಹೆಸರು, ಸಂಪರ್ಕ, ಏನು ಉಲ್ಲಂಘನೆ, ಎಲ್ಲಿ, ಏನು ಪರಿಹಾರ ಬೇಕು ಎಂಬ ಐದು ಸಂಗತಿ ಇದ್ದರಾಯಿತು. ಒಪ್ಪಿಗೆ ಇಲ್ಲದ ದಾಖಲಾತಿಯನ್ನು ಪ್ರಶ್ನಿಸಿದರೆ 7 ದಿನದೊಳಗೆ, ಅದು 30 ದಿನ ದಾಟಿ ಮುಂದುವರಿದದ್ದಾದರೆ 21 ದಿನದೊಳಗೆ, ಉಳಿದವನ್ನು 90 ದಿನದೊಳಗೆ ತೀರ್ಮಾನಿಸಬೇಕು. ಅದರ ಮೇಲೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ವಕೀಲರಿಗೆ ದುಡ್ಡಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ, 15100ಕ್ಕೆ ಕರೆ ಮಾಡಬಹುದು. ಆಸ್ಪತ್ರೆಯಲ್ಲಿ ಮಾತ್ರೆ ಇಲ್ಲ, ವೈದ್ಯರಿಲ್ಲ ಎಂಬಂಥ ಸಾಮಾನ್ಯ ದೂರಿಗೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನದ 1902 ಸಾಕು; ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಅಧಿಕಾರಿಗಳ ಭೇಟಿ

ಗಲ್ಫ್‌ನವರಿಗೆ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ, ಆಟಿಯ ಮಳೆಯಲ್ಲಿ. ಆ ಹೊತ್ತಿಗೆ ಜಿಲ್ಲಾಡಳಿತ ನೆರೆ, ಗುಡ್ಡ ಕುಸಿತದಲ್ಲಿ ಮುಳುಗಿರುತ್ತದೆ. ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಸಮಯವನ್ನು ಮೇ ತಿಂಗಳಲ್ಲೇ ಪತ್ರ ಬರೆದು ಕೇಳಿ, ಊರಿನ ಸದಸ್ಯರು ಒಂದು ವಾರ ಮೊದಲು ಖಚಿತಪಡಿಸಿಕೊಳ್ಳಲಿ. ನಾಲ್ಕು ಜನರಿಗಿಂತ ಹೆಚ್ಚು ಹೋಗಬೇಡಿ. ಶಾಲು, ಹಾರ, ಫೋಟೋ ಬೇಡ. ಸಿಗುವ ಇಪ್ಪತ್ತು ನಿಮಿಷದಲ್ಲಿ ಹತ್ತು ಅದಕ್ಕೇ ಹೋಗುತ್ತದೆ. ಕಾಯಿಲೆ ಕಂಡವರು ಅಥವಾ ಆರೈಕೆ ಮಾಡುವವರು ಮೊದಲು ಮಾತನಾಡಲಿ.

ಮನವಿ ಒಂದೇ ಪುಟ, ಮೂರೇ ಬೇಡಿಕೆ, ಪ್ರತಿಯೊಂದಕ್ಕೂ ತಾರೀಕು. ‘ಮಾನಸಿಕ ಆರೋಗ್ಯಕ್ಕೆ ಆದ್ಯತೆ ಕೊಡಿ’ ಎಂದರೆ ‘ಆಗಲಿ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ‘ಬೆಳ್ತಂಗಡಿ ತಾಲೂಕು ಆಸ್ಪತ್ರೆಯಲ್ಲಿ ಈ ಎಂಟು ಔಷಧಗಳ ಎರಡು ತಿಂಗಳ ದಾಸ್ತಾನು ಸೆಪ್ಟೆಂಬರ್ 30ರೊಳಗೆ’ ಎಂದು ಬರೆಯಿರಿ. ಎರಡನೆಯದು ಭೇಟಿಯ ದಿನಗಳನ್ನು ಆಸ್ಪತ್ರೆಯ ಫಲಕದಲ್ಲಿ ಬರೆಸುವುದು. ಮೂರನೆಯದು ಚೇತರಿಸಿಕೊಂಡವರು ಹಗಲು ಹೊತ್ತು ಹೋಗಿ ಬರುವ ಪುನರ್ವಸತಿ ಕೇಂದ್ರ. ರಾಜ್ಯದಲ್ಲಿ ಇದಕ್ಕೆ ‘ಮಾನಸಧಾರ’ ಎಂಬ ಯೋಜನೆಯೇ ಇದೆ. ನಿಮ್ಮ ತಾಲೂಕಿನವರು ಅಲ್ಲಿಗೆ ತಲುಪುವಂತೆ ಸಾರಿಗೆ ಕೇಳಿ. ಮಾನಸಿಕ ಆರೋಗ್ಯ ವೃತ್ತಿಪರರ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿಸಲು ಕಾಯ್ದೆ ಕೊಟ್ಟ 10 ವರ್ಷದ ಗಡುವು 2028ಕ್ಕೆ ಮುಗಿಯುತ್ತದೆ. ಶಾಸಕರ ಎದುರು ಈ ಇಸವಿ ನೆನಪಿಸಿ, ಸದನದಲ್ಲಿ ಪ್ರಶ್ನೆ ಕೇಳಲು ಹೇಳಿ. ಪ್ರತಿಯನ್ನು ಅನಿವಾಸಿ ಭಾರತೀಯ ಸಮಿತಿ, ಕರ್ನಾಟಕಕ್ಕೂ ಕಳಿಸಿ. ಹೊರಡುವ ಮುನ್ನ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದು ಮರೆಯಬೇಡಿ.

ಹಣ

ಇಲ್ಲಿ ಒಳ್ಳೆಯ ಮನಸ್ಸಿನವರೇ ಸಿಕ್ಕಿಬೀಳುತ್ತಾರೆ. ಯುಎಇಯಲ್ಲಿ ಪರವಾನಗಿ ಇರುವ ಸಂಸ್ಥೆಗಳಷ್ಟೇ ದೇಣಿಗೆ ಕೇಳಬಹುದು, 2021ರಲ್ಲಿ ಇದಕ್ಕಾಗಿ ಕಾನೂನೇ ಬಂದಿದೆ. ವಾಟ್ಸಾಪ್‌ನಲ್ಲಿ ಖಾತೆ ಸಂಖ್ಯೆ ಹಾಕಿ ‘ಕೈಲಾದಷ್ಟು’ ಎನ್ನುವುದೂ ಅಪರಾಧವಾಗಬಹುದು. ಬೇರೆ ಕೊಲ್ಲಿ ದೇಶಗಳಲ್ಲೂ ಅಲ್ಲಿನ ನಿಯಮ ಕೇಳದೆ ಒಂದು ದಿನಾರ್ ಕೂಡ ಒಟ್ಟು ಮಾಡಬೇಡಿ.

ಭಾರತದ ಕಡೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010 ಇದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅಲ್ಲ. ಒಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು, ಕೊಟ್ಟದ್ದು ವಿದೇಶಿ ದೇಣಿಗೆ. ಹೊರದೇಶದಲ್ಲಿ ನೋಂದಣಿಯಾದ ಸಂಘದ ಖಾತೆಯಿಂದ ಬಂದದ್ದೂ ಅಷ್ಟೇ, ಸದಸ್ಯರೆಲ್ಲ ಭಾರತೀಯರಾದರೂ. ಅದನ್ನು ಪಡೆಯುವ ಊರಿನ ಸಂಸ್ಥೆಗೆ ಈ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ಮೊದಲು ಬೀಳಬೇಕಾದದ್ದು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತ ಖರ್ಚು 20 ಶೇಕಡ ಮೀರುವಂತಿಲ್ಲ. ಮುಂಬೈ, ಬೆಂಗಳೂರಿನ ಸಂಘಗಳಿಗೆ ಈ ತೊಡಕಿಲ್ಲ. ಅವರನ್ನು ಜೊತೆಗೆ ಕರೆದುಕೊಳ್ಳಲು ಇದೂ ಒಂದು ಕಾರಣ.

ಖರ್ಚು ಮಾಡುವುದಾದರೆ ಸರ್ಕಾರ ಕೊಡದ ಸಣ್ಣ ಸಂಗತಿಗಳಿಗೆ ಮಾಡಿ. ಆಸ್ಪತ್ರೆಗೆ ಹೋಗುವ ದಿನದ ರಿಕ್ಷಾ ಬಾಡಿಗೆ, ಲಿಥಿಯಂ ತೆಗೆದುಕೊಳ್ಳುವವರ ರಕ್ತ ಪರೀಕ್ಷೆ, ತಾಯಿಗೆ ವಾರಕ್ಕೊಂದು ದಿನ ಬಿಡುವು ಸಿಗುವಂತೆ ಬಂದು ಕೂರುವವರ ಕೂಲಿ, ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಜಿಲ್ಲಾಸ್ಪತ್ರೆಗೆ ಹೋಗಿ ಬರುವ ವೆಚ್ಚ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಅಂಗವೈಕಲ್ಯದ ಪಟ್ಟಿಯಲ್ಲಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿದರೆ ಪಿಂಚಣಿಗೆ ದಾರಿಯಾಗುತ್ತದೆ. ಮಾತ್ರೆಯನ್ನು ನೀವೇ ಕೊಂಡು ಕೊಡುವ ಅಭ್ಯಾಸ ಬೇಡ. ಕೊರತೆಯ ತಿಂಗಳಲ್ಲಿ ರೋಗಿಯನ್ನು ಕೈಬಿಡಲಾಗದು, ಕೊಡಿಸಿ. ಆದರೆ ಪ್ರತಿ ಸಲವೂ ಬಿಲ್ಲಿನ ಪ್ರತಿಯನ್ನು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಪತ್ರದೊಂದಿಗೆ ಕಳಿಸಿ, ಇಲ್ಲವಾದರೆ ನಿಮ್ಮ ದುಡ್ಡು ಆ ಸೊನ್ನೆಗಳನ್ನು ಮುಚ್ಚಿಹಾಕುತ್ತದೆ.

ಪರವೂರಿನಲ್ಲೇ ಯಾರಾದರೂ ಕುಸಿದಾಗ, ಮತ್ತು ಮನೆಯವರ ಸಹಿ

ಲೇಬರ್ ಕ್ಯಾಂಪಿನಲ್ಲಿ ನಮ್ಮವರೊಬ್ಬರು ಕಾಯಿಲೆ ಬಿದ್ದರೆ ಮೊದಲ ವಿಮಾನಕ್ಕೆ ಹತ್ತಿಸಿಬಿಡುವುದು ಅಪಾಯ. ಅಲ್ಲೇ ಚಿಕಿತ್ಸೆ ಕೊಡಿಸಿ, ಶಾಂತವಾದ ಮೇಲೆ ಕಳಿಸಿ. ಜೊತೆಗಿರಬೇಕಾದದ್ದು: ಔಷಧದ ಮೂಲ ಹೆಸರಿರುವ ಬಿಡುಗಡೆ ಪತ್ರ, ಪ್ರಯಾಣಕ್ಕೆ ಯೋಗ್ಯವೆಂಬ ವೈದ್ಯರ ಪ್ರಮಾಣಪತ್ರ, ಎರಡು ವಾರದ ಮಾತ್ರೆ ಮತ್ತು ಅದರ ಚೀಟಿ, ಜೊತೆಗೊಬ್ಬರು. ಟಿಕೆಟ್ಟಿಗೆ ರಾಯಭಾರ ಕಚೇರಿಯ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಕೇಳಬಹುದು. ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ವಾರದೊಳಗೆ ಮನೋವೈದ್ಯರ ಭೇಟಿ ಮೊದಲೇ ಗೊತ್ತಾಗಿರಲಿ. ‘ಊರಿಗೆ ಬಂದನಲ್ಲ, ಸರಿಯಾಗುತ್ತಾನೆ’ ಎಂದು ಬಿಟ್ಟಾಗ ಹದಿನೈದನೇ ದಿನಕ್ಕೆ ಮಾತ್ರೆ ಮುಗಿದಿರುತ್ತದೆ.

ನಾಮನಿರ್ದೇಶಿತ ಪ್ರತಿನಿಧಿ ಯಾರೆಂಬುದನ್ನು ಚೆನ್ನಾಗಿರುವಾಗಲೇ ತೀರ್ಮಾನಿಸಲು ಹೇಳಿ. ಬಿಳಿ ಹಾಳೆಯಲ್ಲಿ ಬರೆದು ಕಾಯಿಲೆ ಇರುವವರು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು, ಆಗುವವರೂ ಬರವಣಿಗೆಯಲ್ಲಿ ಒಪ್ಪಬೇಕು. ದುಡಿಯುವ ಮಗನೆಂದು ದುಬೈಯಲ್ಲಿರುವ ಅಣ್ಣನ ಹೆಸರು ಬರೆಯುವುದು ಸಾಮಾನ್ಯ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಕಲಂ ಅಡಿ ಆಸ್ಪತ್ರೆಗೆ ಸೇರಿಸುವ ಅರ್ಜಿ ಕೊಡಬೇಕಾದವರು ಈ ಪ್ರತಿನಿಧಿಯೇ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿ ಆ ಸಹಿ ಸಿಗುವುದಿಲ್ಲ. ಊರಿನಲ್ಲೇ ಇರುವ ಅಕ್ಕ, ಅತ್ತಿಗೆ, ನಂಬಿಕೆಯ ನೆರೆಯವರ ಹೆಸರಿರಲಿ.

ಫೋಟೋ, ವಿಡಿಯೋ

ಸರಪಳಿಯ ಫೋಟೋ ಹಂಚಿದರೆ ದೇಣಿಗೆ ಬೇಗ ಬರುತ್ತದೆ, ನಿಜ. ಆದರೆ ಆ ವ್ಯಕ್ತಿ ಗುಣವಾಗಿ ಅಂಗಡಿಗೆ ಹಾಲು ತರಲು ಹೋದ ದಿನವೂ ಆ ಚಿತ್ರ ಎಲ್ಲರ ಫೋನಿನಲ್ಲಿರುತ್ತದೆ. ಚಿಕಿತ್ಸೆಯಲ್ಲಿರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವುದು 24ನೇ ಕಲಮಿಗೆ ವಿರುದ್ಧ. ಮನೆಯವರು ಒಪ್ಪಿದರೆ ಸಾಲದು. ಹಿಂದೆ ತೆಗೆದ ಚಿತ್ರಗಳಿದ್ದರೆ ಸಂಘದ ಗುಂಪುಗಳಿಂದ ಅಳಿಸಿಹಾಕಿ. ಪತ್ರಿಕೆಗೆ ಕೊಡಬೇಕಾದದ್ದು ದಾಸ್ತಾನು ವಹಿಯ ಪುಟ, ಖಾಲಿ ಹುದ್ದೆಯ ಪಟ್ಟಿ.

ಆರು ತಿಂಗಳಿಗೊಮ್ಮೆ ಅದೇ ಎಂಟು ಔಷಧಗಳ ಅದೇ ಅರ್ಜಿಯನ್ನು ಮತ್ತೆ ಹಾಕಿ, ಹಳೆಯ ಪುಟದ ಪಕ್ಕ ಹೊಸದನ್ನು ಇಟ್ಟು ನೋಡಿ. ಅಧಿಕಾರಿಗಳು ವರ್ಗವಾಗುತ್ತಾರೆ, ನಿಮ್ಮವರ ವೀಸಾ ಮುಗಿಯುತ್ತದೆ, ಊರಿನ ಸದಸ್ಯೆಗೆ ಮೊಮ್ಮಗು ಹುಟ್ಟುತ್ತದೆ. ಆದ್ದರಿಂದ ಕಡತದ ಒಂದು ಪ್ರತಿ ಊರಿನಲ್ಲಿ, ಒಂದು ಪರವೂರಿನಲ್ಲಿ, ಮೂರನೆಯದು ವಕೀಲರ ಬಳಿ ಇರಲಿ.